ತುಪ್ಪ ಸವರುವ ಬ್ರಷ್

ನನ್ನ ಕೋಣೆಯ ಗೆಳತಿಯರೆಲ್ಲ ಕಂಪನಿ ಕ್ಯಾಬ್ ಹತ್ತಿ ಗಚ್ಚಿಬೌಲಿಗೆ ಕೋಡ್ ಬರೆಯಲು ಹೋಗುತ್ತಿದ್ದ ಕಾಲ. ಆಹಾರ ವಿಜ್ಞಾನ ಓದಿದ್ದ ನಾನು ಬಸ್ಸು ಹಿಡಿದು ಅದರ ವಿರುದ್ಧ ದಿಕ್ಕಿಗೆ, ಕುಷಾಯಿಗೂಡದ ಬಿಸ್ಕತ್ತು ಕಾರ್ಖಾನೆಗೆ ಹೋಗುತ್ತಿದ್ದೆ. ಸಂಜೆ ಅವರು ಷೇರುಗಳ ಮಾತಾಡುತ್ತಿದ್ದರು, ನಾನು ಏಲಕ್ಕಿ ನಾರುತ್ತಿದ್ದೆ.

ಮಾಲೀಕರು ಕಲಬುರಗಿ ಕಡೆಯವರು, ಈರುಳ್ಳಿಯನ್ನೂ ಅನುಮಾನದಿಂದ ನೋಡುವಷ್ಟು ಸಸ್ಯಾಹಾರಿ. ದುಬೈಯ ವ್ಯಾಪಾರಿಯೊಬ್ಬ ಅವರ ತುಪ್ಪದ ಬಿಸ್ಕತ್ತು ಮೆಚ್ಚಿ, ಹಲಾಲ್ ಪ್ರಮಾಣಪತ್ರವಿದ್ದರೆ ಮಾತ್ರ ಕೊಳ್ಳುತ್ತೇನೆ ಎಂದಿದ್ದ. ಅವನನ್ನು ನಂಬಿ ಇವರು ಎರಡನೆಯ ಓವನ್ ತರಿಸಿಬಿಟ್ಟಿದ್ದರು. ಪ್ರಮಾಣಪತ್ರದ ತಯಾರಿ ನನ್ನ ಪಾಲಿಗೆ ಬಂತು.

“ನಮ್ಮಲ್ಲಿ ತತ್ತಿ ಸುದ್ದಾ ಒಳಗ ಬರಂಗಿಲ್ಲರಿ ಮೇಡಂ. ಪರೀಕ್ಷಾ ಮಾಡೂದಕ್ಕ ಏನೈತಿ?”

ಬೇಕಾದಷ್ಟಿತ್ತು. ವೆನಿಲಾ ಎಸೆನ್ಸಿನಲ್ಲಿ ಆಲ್ಕೋಹಾಲ್ ಇತ್ತು. ಹಿಟ್ಟು ಹದವಾಗಲು ಸೇರಿಸುವ ಪುಡಿಯನ್ನು ಸಸ್ಯದ ಎಣ್ಣೆಯಿಂದ ಮಾಡಿದ್ದೋ ಪ್ರಾಣಿಯ ಕೊಬ್ಬಿನದೋ, ಮಾರಿದವನಿಗೇ ಗೊತ್ತಿರಲಿಲ್ಲ. ಎರಡನ್ನೂ ಬದಲಿಸಿದೆ. ವೆನಿಲಾ ಬಾಟಲಿ ಹೊರಗೆ ಹೋಗುವಾಗ ಮಾಲೀಕರು ಕುಡಿದು ಸಿಕ್ಕಿಬಿದ್ದವರಂತೆ ಬಾಯಿ ಒರೆಸಿಕೊಂಡರು.

ತಪಾಸಣೆಗೆ ಬಂದವರು ಬೀದರಿನ ಹಿರಿಯರು, ಹಿಂದೆ ರಸಾಯನಶಾಸ್ತ್ರದ ಪ್ರಾಧ್ಯಾಪಕರು. ನನ್ನ ಕಾಗದಗಳನ್ನೆಲ್ಲ ಒಪ್ಪಿದರು. ಆಮೇಲೆ ಓವನ್ ಬಳಿ ನಿಂತು, ಬಿಸಿ ಬಿಸ್ಕತ್ತಿಗೆ ತುಪ್ಪ ಸವರುವ ಬ್ರಷ್ಷಿನಿಂದ ಒಂದು ಎಳೆ ಕಿತ್ತು, ಕಡ್ಡಿ ಗೀರಿ ಸುಟ್ಟರು. ಕ್ಷೌರದಂಗಡಿಗೆ ಬೆಂಕಿ ಬಿದ್ದಂಥ ವಾಸನೆ.

“ನೈಲಾನ್ ಅಲ್ಲರಿ ಇದು, ಕೂದಲ. ಇಂಥ ಬ್ರಷ್ ಹಂದೀ ಕೂದಲದ್ದ ಇರ್ತಾವ.”

“ಹಂದೀದಾ? ನಮ್ಮ ಕಾರ್ಖಾನ್ಯಾಗಾ?”

“ನಿಮ್ಮ ತುಪ್ಪದಾಗರಿ, ಸಾವಕಾರ್ರ.”

ಪದಾರ್ಥಗಳ ಲೆಕ್ಕದಲ್ಲಿ ಬ್ರಷ್ ಬರುವುದಿಲ್ಲ. ಅದನ್ನು ಯಾರೂ ತಿನ್ನುವುದಿಲ್ಲವಲ್ಲ.

“ಸರ್ಟಿಫಿಕೇಟ್ ಹೋತೇನ್ರಿ ಸಾಹೇಬ್ರ?” ಮಾಲೀಕರು ಹೊಸ ಓವನ್ನಿಗೆ ಒರಗಿದರು.

“ಬ್ರಷ್ ಎಲ್ಲಾ ಹೊರಗ ಒಗೀರಿ. ಅದು ತಾಗಿದ್ದನ್ನ ಹಲಾಲ್ ನಿಯಮದಂಗ ಏಳು ಸಲ ತೊಳೀರಿ, ಒಂದ್ ಸಲ ಮಣ್ಣು ಹಚ್ಚಿ. ಮತ್ತ ಬಂದು ನೋಡ್ತೀನಿ.”

ನೈಲಾನ್ ಬ್ರಷ್ ತರಿಸಿದೆವು, ತೊಳೆದೆವು. ಏಳೂ ಮುಗಿದ ಮೇಲೆ ಮಾಲೀಕರು ಗಂಗಾಜಲದ ತಂಬಿಗೆ ಹಿಡಿದು ಬಂದರು.

“ಸರ್, ಅದಕ್ಕೂ ಕಾಗದ ಕೇಳ್ತಾರೆ,” ಎಂದೆ.

ತಂಬಿಗೆ ಕೆಳಗಿಟ್ಟು ದನಿ ತಗ್ಗಿಸಿದರು. “ಇದು ಬಿಡ್ರಿ. ಆ ಕೂದಲದ್ದ ಒಂದು ಬ್ರಷ್ ಮನೀಗೆ ಒಯ್ದೀನಿ. ನೈವೇದ್ಯದ ಹೋಳಿಗಿಗೆ ಅವ್ವ ತುಪ್ಪ ಹಚ್ಚೂದು ಅದರಿಂದನ, ಅದೂ ಮಡೀಲೆ. ಆಕಿಗೆ ಗೊತ್ತಾದ್ರ ನಾ ಸತ್ತೆ.”

ನಾನು ಹೇಳುವವಳಲ್ಲ. ಮಾತು ಕಡಿಮೆ ಎಂದು ನನ್ನನ್ನು ದೂರುತ್ತಿದ್ದ ಮಾಲೀಕರು ಅಂದಿನಿಂದ ದೂರಲಿಲ್ಲ.

ಪ್ರಮಾಣಪತ್ರ ಬಂತು. ಕಟ್ಟು ಹಾಕಿಸಿ ಕಚೇರಿಯ ದೇವರ ಪಟದ ಪಕ್ಕ ತೂಗುಹಾಕಿದರು. ಊದುಬತ್ತಿ ಎರಡಕ್ಕೂ ಸಲ್ಲುತ್ತಿತ್ತು. ಯುಗಾದಿಗೆ ನನ್ನನ್ನು ಮನೆಗೆ ಕರೆದರು. ಅವರ ತಾಯಿ ಹೋಳಿಗೆಯ ಮುಂದೆ ಕುಳಿತು ನೈಲಾನ್ ಬ್ರಷ್ ಕುಟ್ಟುತ್ತಿದ್ದರು.

“ಇದೇನ್ ತಂದಿಯೋ ಮಾರಾಯಾ? ತುಪ್ಪನ ಹಿಡಿಯಂಗಿಲ್ಲ. ಹಳೇದು ಭಾಳ ಚಲೋ ಇತ್ತು, ದೇವರಿಗೂ ಒಗ್ಗಿತ್ತು.” ನನ್ನತ್ತ ತಿರುಗಿದರು. “ನೀನ ಹೇಳವಾ, ಕಲಿತಾಕಿ ಅದಿ.”

ಮಾಲೀಕರು ಗೋಡೆ ನೋಡುತ್ತಿದ್ದರು.

“ಕಾರ್ಖಾನೆಯಲ್ಲೂ ಎಲ್ಲರೂ ಹಾಗೇ ಅಂತಾರೆ, ಅಮ್ಮ,” ಎಂದೆ. ಅದು ನಿಜವೇ.