ಖೋ ಖೋ ಅಂಕಣದೊಳಗೆ ಅಪ್ಪ

ಯಶವಂತಪುರದ ನಮ್ಮ ಬೀದಿಯಲ್ಲಿ ಅಪ್ಪನಷ್ಟು ಮೆತ್ತಗಿನ ಮನುಷ್ಯ ಇನ್ನೊಬ್ಬರಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ರೇಷನ್ ಅಂಗಡಿಯ ಸಾಲಿನಲ್ಲಿ ಯಾರಾದರೂ ಮಧ್ಯೆ ನುಗ್ಗಿದರೆ ಅಪ್ಪ ಹಿಂದೆ ಸರಿದು ಅವರಿಗೆ ಜಾಗ ಮಾಡಿಕೊಡುತ್ತಿದ್ದರು. ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿದ್ದರೂ ಕೈಕೆಳಗಿನವರು ಯಾರೂ ಅವರಿಗೆ ಹೆದರುತ್ತಿರಲಿಲ್ಲವಂತೆ. ಮೇಲಿನವರು ಬೈದ ದಿನ ಮನೆಗೆ ಬಂದು ಕೈಕಾಲು ತೊಳೆದು, ಕಾಫಿ ಕುಡಿದು, ಪೇಪರ್ ಹಿಡಿದು ಕೂತುಬಿಡುತ್ತಿದ್ದರು. ಇದನ್ನೆಲ್ಲ ಮೊದಲೇ ಹೇಳುತ್ತಿರುವುದು ಯಾಕೆಂದರೆ, ಮುಂದಿನದನ್ನು ಕೇಳಿದವರು ನಮ್ಮಪ್ಪ ಒಬ್ಬ ರೌಡಿ ಅಂದುಕೊಳ್ಳಬಾರದು. ರೌಡಿಯಾಗಿದ್ದರೆ ನನಗೆ ಸುಲಭವಾಗಿರುತ್ತಿತ್ತು.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಹೈಸ್ಕೂಲಿಗೆ ಸೇರಿದ ವರ್ಷವೇ ನಮ್ಮ ಪಿ.ಟಿ. ಮಿಸ್ ನನ್ನನ್ನು ಖೋ ಖೋ ತಂಡಕ್ಕೆ ಆರಿಸಿಕೊಂಡರು. ಅಮ್ಮ ಸುತರಾಂ ಒಪ್ಪಲಿಲ್ಲ. ದೊಡ್ಡವಳಾದ ಹುಡುಗಿ ಚಡ್ಡಿ ಹಾಕಿಕೊಂಡು ಜನರೆದುರು ಓಡುವುದೇ ಎಂದು ರಂಪ ಮಾಡಿದರು. ಆಗ ಪೇಪರಿನ ಹಿಂದಿನಿಂದ ಅಪ್ಪ, "ಆಡ್ಲಿ ಬಿಡೇ. ಓಡೋ ವಯಸ್ಸಲ್ಲಿ ಓಡ್ದೆ ಇನ್ಯಾವಾಗ ಓಡ್ತಾಳೆ?" ಎಂದರು. ಅಷ್ಟೇ ಮಾತು. ಆ ಮಾತಿಗೆ ನಾನು ಅವರಿಗೆ ಬಹಳ ಕಾಲ ಋಣಿಯಾಗಿದ್ದೆ. ಈಗಲೂ ಇದ್ದೇನೋ ಏನೋ.

ಮೊದಲ ಪಂದ್ಯಕ್ಕೇ ಅಪ್ಪ ಅರ್ಧ ದಿನ ರಜೆ ಹಾಕಿ ಬಂದರು. ನಾನು ಹಿಗ್ಗಿ ಹೋದೆ. ಉಳಿದ ಹುಡುಗಿಯರ ಅಪ್ಪಂದಿರು ಯಾರೂ ಬಂದಿರಲಿಲ್ಲ. ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ಮೈದಾನದ ಅಂಚಿನಿಂದ ಒಂದು ದನಿ ಕೇಳಿಸಿತು. "ಏಯ್ ಕತ್ತೆ! ಬಲಕ್ಕೆ ಹೋಗೇ, ಬಲಕ್ಕೆ! ಕಣ್ಣು ಕಾಣಲ್ವಾ?" ಅದು ಅಪ್ಪನ ದನಿ ಎಂದು ತಿಳಿಯಲು ನನಗೆ ತುಸು ಸಮಯ ಬೇಕಾಯಿತು. ಮನೆಯಲ್ಲಿ ಆ ದನಿಯನ್ನು ನಾನು ಒಮ್ಮೆಯೂ ಕೇಳಿರಲಿಲ್ಲ. ತಿರುಗಿ ನೋಡಿದರೆ ಮುಖ ಕೆಂಪಾಗಿತ್ತು, ಕತ್ತಿನ ನರ ಉಬ್ಬಿತ್ತು, ಕೊಡೆಯ ತುದಿಯಿಂದ ನೆಲ ಕುಟ್ಟುತ್ತಿದ್ದರು. ಆ ಪಂದ್ಯ ಗೆದ್ದೆವು. ಬರುವಾಗ ಸ್ಕೂಟರ್ ನಿಲ್ಲಿಸಿ ಮಸಾಲೆ ದೋಸೆ ಕೊಡಿಸಿದರು.

ಅಂದಿನಿಂದ ಅದೇ ಪದ್ಧತಿಯಾಯಿತು. ಗೆದ್ದರೆ ದೋಸೆ. ಸೋತರೆ ಹೆಬ್ಬಾಳದಿಂದಲೋ ಯಲಹಂಕದಿಂದಲೋ ಮನೆಯವರೆಗೂ ಒಂದು ಮಾತಿಲ್ಲ, ಬರೀ ಸ್ಕೂಟರಿನ ಸದ್ದು. ರಾತ್ರಿ ಊಟಕ್ಕೆ ಕೂತಾಗ ನಾನು ಎಲ್ಲೆಲ್ಲಿ ತಪ್ಪಿದೆ ಎಂದು ಮೆಲುದನಿಯಲ್ಲಿ ಹೇಳುತ್ತಿದ್ದರು. ಶಾಲೆಯಲ್ಲಿ ಗೆಳತಿಯರು ನನ್ನನ್ನು ಕಂಡರೆ "ಏಯ್ ಕತ್ತೆ, ಬಲಕ್ಕೆ ಹೋಗೇ" ಎಂದು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಒಂದು ಸಲ ಪಿ.ಟಿ. ಮಿಸ್ ಅಪ್ಪನ ಹತ್ತಿರ ಹೋಗಿ, "ಸರ್, ನೀವು ಸ್ವಲ್ಪ ದೂರ ಆ ಮರದ ಕೆಳಗೆ ನಿಂತ್ಕೊಳ್ತೀರಾ? ಮಕ್ಳು ಗಾಬರಿ ಆಗ್ತಾರೆ" ಎಂದರು. ಅಪ್ಪ ಕೈಮುಗಿದು, "ಕ್ಷಮಿಸಿ ಮೇಡಂ" ಎಂದು ಮರದ ಕೆಳಗೆ ಹೋದರು. ಎರಡನೇ ಇನ್ನಿಂಗ್ಸ್ ಹೊತ್ತಿಗೆ ಮತ್ತೆ ಗೆರೆಯ ಪಕ್ಕದಲ್ಲೇ ಇದ್ದರು.

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ನಮ್ಮ ತಂಡ ಫೈನಲ್ ತಲುಪಿತು. ಪಂದ್ಯ ಯಲಹಂಕದ ಒಂದು ಮೈದಾನದಲ್ಲಿ. ಎದುರು ತಂಡ ಅಲ್ಲಾಳಸಂದ್ರದ ಕಡೆಯ ಹುಡುಗಿಯರದು. ಅವರಲ್ಲೊಬ್ಬಳು ಸಣಕಲು ಹುಡುಗಿ, ಬರಿಗಾಲಲ್ಲಿ ಆಡುವವಳು, ಎರಡು ಜಡೆ ಹೆಣೆದು ಮಡಿಚಿ ಕಟ್ಟಿದ್ದಳು. ಅವಳನ್ನು ಹಿಡಿಯಲು ಯಾರಿಂದಲೂ ಆಗಿರಲಿಲ್ಲ. ಕೈ ಚಾಚಿದರೆ ಅಲ್ಲಿ ಗಾಳಿ ಮಾತ್ರ ಇರುತ್ತಿತ್ತು. ಜಿಲ್ಲಾ ತಂಡದ ಆಯ್ಕೆಗೆ ಅವಳ ಹೆಸರೂ ನನ್ನ ಹೆಸರೂ ಹೋಗುತ್ತವೆ ಎಂದು ಮಿಸ್ ಬೆಳಿಗ್ಗೆಯೇ ಹೇಳಿದ್ದರು.

ಅವರ ಊರಿನಿಂದ ಜನ ಗುಂಪಾಗಿ ಬಂದಿದ್ದರು. ತಲೆಗೆ ಟವಲ್ ಸುತ್ತಿದ ಒಬ್ಬ ಎತ್ತರದ ಮನುಷ್ಯ ಎಲ್ಲರಿಗಿಂತ ಮುಂದೆ ನಿಂತು, "ಓಡವ್ವಾ ಓಡು, ಸಿಗ್ಬ್ಯಾಡ!" ಎಂದು ಕೂಗುತ್ತಿದ್ದ. ಅವನೇ ಆ ಹುಡುಗಿಯ ಅಪ್ಪ. ನಮ್ಮಪ್ಪ ಅವನ ಎದುರಿನ ಗೆರೆಯಲ್ಲಿ. ಇಬ್ಬರ ನಡುವೆ ನಾವು ಹುಡುಗಿಯರು ಓಡುತ್ತಿದ್ದೆವು.

ಕೊನೆಯ ಸರದಿಯಲ್ಲಿ ನಾವು ಹಿಡಿಯಬೇಕಿತ್ತು. ಅಂಕಣದಲ್ಲಿ ಉಳಿದಿದ್ದವಳು ಅವಳೊಬ್ಬಳೇ. ಅವಳು ಸಿಕ್ಕರೆ ಗೆಲುವು ನಮ್ಮದು. ನನಗೆ ಖೋ ಸಿಕ್ಕಿತು. ಅವಳ ಹಿಂದೆ ಓಡಿದೆ, ಅವಳು ಬಳುಕಿ ತಪ್ಪಿಸಿಕೊಂಡಳು.

"ಎಮ್ಮೆ! ಎಮ್ಮೆ ಥರ ಓಡ್ತೀಯಲ್ಲೇ!" ಅಪ್ಪನ ದನಿ ಮೈದಾನದ ಆಚೆಗೂ ಕೇಳಿರಬೇಕು.

ಎದುರಿನಿಂದ ಟವಲಿನ ಮನುಷ್ಯ ನಕ್ಕ. "ನಿಮ್ ಮಗೀಗೆ ಓಡಾಕ್ ಬರ್ನಿಲ್ಲ ಅಂದ್ರೆ ನಮ್ ಮಗ ಏನ್ ಮಾಡಾದು ಸಾಮಿ?"

"ಏಯ್, ನೀನ್ ಮುಚ್ಕೊಂಡ್ ನಿಂತ್ಕೊಳೋ!"

ಅಪ್ಪ ಅಪರಿಚಿತರನ್ನು ಏಕವಚನದಲ್ಲಿ ಮಾತಾಡಿಸಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಕಂಬದ ಹತ್ತಿರ ಅವಳು ಒಂದು ಕ್ಷಣ ತಡೆದು ನಿಂತಳು. ನಾನು ಹಾರಿ ಬಿದ್ದು ಅವಳ ಬೆನ್ನು ಮುಟ್ಟಿದೆ. ನಮ್ಮ ಹುಡುಗಿಯರು ಕಿರುಚಿ ಎದ್ದರು. ಆದರೆ ಅಂಪೈರ್ ಸೀಟಿ ಊದಿ ಕೈ ಅಡ್ಡ ಆಡಿಸಿದರು. ಫೌಲ್. ಕಂಬ ತಲುಪುವ ಮೊದಲೇ ನನ್ನ ಕಾಲು ನಡುಗೆರೆ ದಾಟಿತ್ತು. ಅವರು ಸರಿಯಾಗಿಯೇ ನೋಡಿದ್ದರು. ಕಾಲ ಕೆಳಗೆ ಸುಣ್ಣದ ಗೆರೆ ಅಳಿಸಿದ್ದು ನನಗೂ ಕಂಡಿತ್ತು.

ನಾನು ಎದ್ದು ಮಂಡಿ ಒರೆಸಿಕೊಳ್ಳುವಷ್ಟರಲ್ಲಿ ಅಪ್ಪ ಅಂಕಣದೊಳಗೆ ಬಂದಿದ್ದರು. ಕೆಲಸಕ್ಕೆ ಹೋಗುವ ಬಿಳಿ ಶರ್ಟು, ಜೇಬಿನಲ್ಲಿ ಪೆನ್ನು. ಅಂಪೈರ್ ಬೇರೊಂದು ಶಾಲೆಯ ಮೇಷ್ಟ್ರು, ಇನ್ನೂ ಚಿಕ್ಕ ವಯಸ್ಸಿನವರು. ಅಪ್ಪ ಅವರ ಕೊರಳಲ್ಲಿದ್ದ ಸೀಟಿಯ ದಾರವನ್ನು ಹಿಡಿದು ಎಳೆದರು. "ಎಷ್ಟು ತಿಂದಿದೀಯೋ ಅವರ ಹತ್ರ? ಹೇಳೋ!" ಮೇಷ್ಟ್ರ ಕನ್ನಡಕ ಕೆಳಗೆ ಬಿತ್ತು. ಟವಲಿನ ಮನುಷ್ಯ ಆ ಕಡೆಯಿಂದ ಓಡಿ ಬಂದು ಅಪ್ಪನ ಶರ್ಟು ಹಿಡಿದ. ಶರ್ಟು ಹರಿಯಿತು. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಸುತ್ತತೊಡಗಿದರು. ಸರಿಯಾಗಿ ಹೊಡೆಯಲು ಇಬ್ಬರಿಗೂ ಬರುತ್ತಿರಲಿಲ್ಲ. ಬರೀ ಏದುಸಿರು, ಬೈಗುಳ.

"ಅಪ್ಪಾ, ಬುಡಪ್ಪಾ!" ಎನ್ನುತ್ತ ಆ ಹುಡುಗಿ ಹೋಗಿ ಅವಳಪ್ಪನ ತೋಳು ಹಿಡಿದಳು. ನಾನು ನಿಂತಲ್ಲೇ ನಿಂತಿದ್ದೆ. ನಮ್ಮಪ್ಪ ತಿರುಗಿ ನೋಡಿದರು. ಅವಳನ್ನು ನೋಡಿದರು ಎಂದೇ ನನಗೆ ಅನಿಸಿತ್ತು, ಈಗಲೂ ಅನಿಸುತ್ತದೆ. ನೋಡಿ, ಎರಡೂ ಕೈಯಿಂದ ತಳ್ಳಿದರು. ಅವಳು ಹಿಂದಕ್ಕೆ ಹೋಗಿ ಕಂಬಕ್ಕೆ ಬಡಿದು, ಎಡಗೈ ಮೈಯಡಿಗೆ ಸಿಕ್ಕಿಕೊಂಡು ಬಿದ್ದಳು. ಅವಳು ಅಳಲಿಲ್ಲ. ಕೈಯನ್ನು ಎತ್ತಿ ನೋಡಿಕೊಂಡಳು. ಮಣಿಕಟ್ಟಿನ ಮೇಲೆ, ಬಾಗಬಾರದ ಕಡೆ ಕೈ ಬಾಗಿತ್ತು.

ಅವಳಪ್ಪ ಅವಳನ್ನು ಮಗುವಿನಂತೆ ಎತ್ತಿಕೊಂಡು ರಸ್ತೆಯ ಕಡೆ ಓಡಿದ. ನಮ್ಮ ಮಿಸ್ ಅವನ ಹಿಂದೆ ಓಡಿದರು. ಅಪ್ಪ ಜೇಬು ಮುಟ್ಟಿ ನೋಡಿಕೊಂಡು, ನೆಲದಿಂದ ಪೆನ್ನು ಹುಡುಕಿ ತೆಗೆದು, "ನಡಿ" ಎಂದು ನನ್ನನ್ನು ಕರೆದರು.

ಬ್ಯಾಟರಾಯನಪುರ ದಾಟಿ ಹೆಬ್ಬಾಳಕ್ಕೆ ಬಂದಾಗ ಸ್ಕೂಟರ್ ಹೋಟೆಲಿನ ಮುಂದೆ ನಿಂತಿತು. ಹರಿದ ಶರ್ಟಿನಲ್ಲೇ ಅಪ್ಪ ಒಳಗೆ ಹೋಗಿ ಕೂತು ಮಸಾಲೆ ದೋಸೆ ಹೇಳಿದರು.

"ತಿನ್ನು. ಗೆದ್ದಿದ್ದು ನಾವೇ."

"ಅಪ್ಪಾ, ಅದು ಫೌಲೇ ಆಗಿತ್ತು."

"ನಿಂಗೇನ್ ಗೊತ್ತು? ಸುಮ್ನೆ ತಿನ್ನು."

ತಿಂದೆ. ಪ್ರತಿ ತುತ್ತಿಗೂ ನೀರು ಕುಡಿದೆ. ಮನೆಯಲ್ಲಿ ಅಮ್ಮ ಶರ್ಟಿನ ಬಗ್ಗೆ ಕೇಳಿದಾಗ, "ಅಂಪೈರ್ ಮೋಸ ಮಾಡ್ದ. ಸ್ವಲ್ಪ ಗಲಾಟೆ ಆಯ್ತು" ಎಂದು ಪೇಪರ್ ತೆಗೆದುಕೊಂಡರು.

ಪಂದ್ಯ ರದ್ದಾಯಿತು. ಎರಡೂ ಶಾಲೆಗಳನ್ನು ಮುಂದಿನ ವರ್ಷದ ಪಂದ್ಯಗಳಿಂದಲೂ ಹೊರಗಿಟ್ಟರು. ಆಯ್ಕೆಗೆ ಹೋಗಬೇಕಿದ್ದ ನಮ್ಮಿಬ್ಬರ ಹೆಸರೂ ಹೋಗಲಿಲ್ಲ. ಹೆಡ್‌ಮಿಸ್ಟ್ರೆಸ್ ಕರೆಸಿದಾಗ ಅಪ್ಪ ಇಸ್ತ್ರಿ ಮಾಡಿದ ಶರ್ಟು ತೊಟ್ಟು ಬಂದು, ಕುರ್ಚಿಯ ತುದಿಯಲ್ಲಿ ಕೂತು, ಎಂದಿನಂತೆ ಮೆತ್ತಗೆ ಮಾತಾಡಿದರು. ಆಮೇಲೆ ಹೆಡ್‌ಮಿಸ್ಟ್ರೆಸ್ ನನ್ನನ್ನು ಒಳಗೆ ಕರೆದು, "ಇಂಥಾ ಸಂಭಾವಿತರು... ಅಲ್ಲಿ ನಿಜವಾಗ್ಲೂ ನಡೆದಿದ್ದೇನಮ್ಮಾ?" ಎಂದು ಕೇಳಿದರು. ತಂಡದ ಹುಡುಗಿಯರು ಮಾತ್ರ ನನ್ನನ್ನು ಏನೂ ಕೇಳಲಿಲ್ಲ. ಅಣಕಿಸುವುದನ್ನೂ ನಿಲ್ಲಿಸಿದರು. ಮಧ್ಯಾಹ್ನದ ಊಟಕ್ಕೆ ಬೇರೆ ಕಡೆ ಕೂರತೊಡಗಿದರು.

ಒಂದು ಭಾನುವಾರ ಪಿ.ಟಿ. ಮಿಸ್, ಆ ಹುಡುಗಿಯನ್ನು ನೋಡಲು ಹೋಗೋಣ, ನಿಮ್ಮಪ್ಪನನ್ನೂ ಕರೆದುಕೊಂಡು ಬಾ ಎಂದರು. ಅಪ್ಪನಿಗೆ ತಲೆನೋವು ಬಂತು. ಮಿಸ್ ಮತ್ತು ನಾನು ಮೂಸಂಬಿ ಹಿಡಿದು ಬಸ್ಸಿನಲ್ಲಿ ಹೋದೆವು. ಅವಳಪ್ಪ ನಮ್ಮನ್ನು ನೋಡಿ ಬೈಯುತ್ತಾನೆ ಎಂದುಕೊಂಡಿದ್ದೆ. ಅವನು ಚಾಪೆ ಹಾಸಿ ಕೂರಿಸಿ ಮಜ್ಜಿಗೆ ಕೊಡಿಸಿದ. "ನನ್ ಕೈನೂ ಸುಮ್ಕಿರ್ನಿಲ್ಲ ಬುಡಿ ಮೇಷ್ಟ್ರಮ್ಮ," ಎಂದ. "ಆದ್ರೆ ಇನ್ ನಮ್ ಮಗ ಆಟಕ್ಕೆ ಬರಾಕಿಲ್ಲ. ಸಾಕು." ಮಿಸ್ ಎಷ್ಟು ಹೇಳಿದರೂ ಒಪ್ಪಲಿಲ್ಲ. "ಎಣ್ ಮಗ. ಕೈ ಸೊಟ್ಟಾದ್ರೆ ಯಾರ್ ನೋಡ್ತಾರೆ?" ಎಂದುಬಿಟ್ಟ.

ಅವಳು ಹಿತ್ತಲಲ್ಲಿ ಕೈಗೆ ಪಟ್ಟಿ ಕಟ್ಟಿಕೊಂಡು ಒರಳುಕಲ್ಲಿನ ಮೇಲೆ ಕೂತಿದ್ದಳು. ನಾನು ಹೋಗಿ ಪಕ್ಕದಲ್ಲಿ ನಿಂತೆ. ಅವಳೇ ಕೇಳಿದಳು:

"ನಿಮ್ಮಪ್ಪ ಮನ್ಯಾಗೂ ಅಂಗೇನಾ?"

"ಇಲ್ಲ. ಮನೇಲಿ ಮಾತೇ ಆಡಲ್ಲ."

"ನಮ್ಮಪ್ಪನೂ ಅಷ್ಟೇಯ." ಪಟ್ಟಿಯ ಗಂಟು ಸರಿಮಾಡಿಕೊಳ್ಳುತ್ತಾ ಹೇಳಿದಳು, "ಅವರಿಬ್ರೇ ಆಡ್ಕೊಬೋದಿತ್ತು. ನಾವ್ಯಾಕ್ ಬೇಕಿತ್ತು?"

ಅವಳನ್ನು ಮತ್ತೆ ನಾನು ನೋಡಲಿಲ್ಲ. ನಾನೂ ಮತ್ತೆ ಆಡಲಿಲ್ಲ. ಹತ್ತನೇ ಕ್ಲಾಸು ಬಂತು, ಕಾಲೇಜು ಬಂತು.

ಎಂಬತ್ತರ ದಶಕದ ನಡುವೆ ನನ್ನ ಮದುವೆಯಾಯಿತು. ಗಂಡನ ಮನೆ ಆರ್.ಟಿ. ನಗರದಲ್ಲಿ. ಒಂದು ಹಬ್ಬಕ್ಕೆ ಗಂಡನ ಮನೆಯವರೆಲ್ಲ ತವರಿಗೆ ಊಟಕ್ಕೆ ಬಂದಿದ್ದರು. ಊಟವಾಗಿ ಎಲೆ ಅಡಿಕೆ ಹಾಕುತ್ತಾ ಅಪ್ಪ ಹೆಮ್ಮೆಯಿಂದ ನನ್ನ ಮಾವನವರಿಗೆ ಹೇಳತೊಡಗಿದರು. "ನಮ್ ಹುಡುಗಿ ಖೋ ಖೋದಲ್ಲಿ ಸ್ಟೇಟ್‌ಗೇ ಆಡ್ಬೇಕಾಗಿತ್ತು. ಒಬ್ಬ ಅಂಪೈರ್ ಮೋಸ ಮಾಡಿ ಕೆಡಿಸ್ಬಿಟ್ಟ. ನಾನೂ ಬಿಡ್ಲಿಲ್ಲ ಅನ್ನಿ, ಕತ್ತಿನ ಪಟ್ಟಿ ಹಿಡ್ದೆ!" ಎಲ್ಲರೂ ನಕ್ಕರು. ಇಷ್ಟು ಸಾಧು ಮನುಷ್ಯ ಕತ್ತಿನ ಪಟ್ಟಿ ಹಿಡಿದರೇ ಎಂದು ನನ್ನ ಗಂಡ ಎಲ್ಲರಿಗಿಂತ ಹೆಚ್ಚು ನಕ್ಕರು.

ಕಾಫಿ ಲೋಟ ಹಂಚುತ್ತಿದ್ದ ನಾನು ಹೇಳಿದೆ, "ಆ ಹುಡುಗಿ ಕೈ ಮುರಿದಿದ್ದೂ ಹೇಳಿ ಅಪ್ಪಾ."

"ಯಾವ ಹುಡುಗಿ?" ಎಂದರು ಅಪ್ಪ.

ಅವರ ಮುಖವನ್ನೇ ನೋಡಿದೆ. ನಟನೆ ಮಾಡುತ್ತಿರಲಿಲ್ಲ. ನಿಜವಾಗಿಯೂ ನೆನಪಿರಲಿಲ್ಲ. ನಾನು ಬಿಡದೆ ಎಲ್ಲವನ್ನೂ ಹೇಳಿದೆ, ಫೌಲ್ ಆಗಿದ್ದು, ತಳ್ಳಿದ್ದು, ಕಂಬ, ಬಾಗಿದ ಕೈ. ನಗು ನಿಂತಿತು. ಮಾವನವರು ಗಂಟಲು ಸರಿಮಾಡಿಕೊಂಡು ಹೆಬ್ಬಾಳದ ಕೆರೆಯ ನೀರಿನ ಮಾತು ತೆಗೆದರು.

ನೆಂಟರು ಹೊರಟ ಮೇಲೆ ಅಪ್ಪ, "ಬೀಗರ ಮುಂದೆ ನನ್ ಮರ್ಯಾದೆ ಕಳೆದ್ಯಲ್ಲೇ" ಎಂದು ಮೆಲ್ಲಗೆ ಹೇಳಿ ಒಳಗೆ ಹೋಗಿ ಮಲಗಿದರು. ಆಮೇಲೆ ತಿಂಗಳುಗಟ್ಟಲೆ ನನ್ನೊಡನೆ ಮಾತಾಡಲಿಲ್ಲ. ನಾನು ಹೋದಾಗಲೆಲ್ಲ ಪೇಪರ್ ಅಡ್ಡ ಹಿಡಿಯುತ್ತಿದ್ದರು. ಅಮ್ಮನಿಗೆ ಅದು ಸಹಿಸಲಾಗಲಿಲ್ಲ. "ವಯಸ್ಸಾದವರು ಕಣೇ, ಎಷ್ಟು ನೊಂದ್ಕೊಂಡಿದಾರೆ ಗೊತ್ತಾ? ಒಂದ್ ಮಾತು ತಪ್ಪಾಯ್ತು ಅಂದ್ಬಿಡು" ಎಂದು ಅಡಿಗೆಮನೆಯಲ್ಲಿ ಕಣ್ಣೀರು ಹಾಕಿದರು.

ನಾನು ಹೋಗಿ ತಪ್ಪಾಯಿತು ಎಂದೆ. ಅಪ್ಪ ಪೇಪರ್ ಇಳಿಸಿ, ತಲೆಯ ಮೇಲೆ ಕೈಯಿಟ್ಟು, "ಹೋಗ್ಲಿ ಬಿಡು" ಎಂದರು.