ನಿಂಗರಾಜು ಬಡಿದ ಭತ್ತ

ಸೋಮನಹಳ್ಳಿ ಹತ್ತಿರದ ಗಾಲ್ಫ್ ಮೈದಾನದಲ್ಲಿ ಹುಲ್ಲು ಕತ್ತರಿಸುವ ಕೆರಗೋಡಿನ ನಿಂಗರಾಜುವಿಗೆ ಶನಿವಾರ ಪರೀಕ್ಷೆಯಿತ್ತು. ಐದರಲ್ಲಿ ಮೂರು ಚೆಂಡು ನೇರವಾಗಿ ಹೊಡೆದರೆ ಹೊಸಬರಿಗೆ ಆಟ ಕಲಿಸುವ ಕೆಲಸ ಸಿಗುತ್ತಿತ್ತು. ಅವನ ಚೆಂಡೋ, ಹೊಡೆದಾಗಲೆಲ್ಲ ಬಲಕ್ಕೇ ಓಡುತ್ತಿತ್ತು.

ಹಿಂದಿನ ಭಾನುವಾರ ಮನೆಯ ಕಣದಲ್ಲಿ ಅವನು ಗಾಲ್ಫ್ ಕೋಲು ಬೀಸುವುದನ್ನು ನೋಡಿ ಅವ್ವ ಹೊಂಬಾಳಮ್ಮ ನಕ್ಕಳು. "ಲೇ, ಅದೇನು ಕಬ್ಬಾ? ಬಗ್ಗಿ ಕೊಚ್ತಾ ಇದ್ದೀಯಲ್ಲ!"

ನಿಜವೇ. ಹತ್ತು ವರ್ಷ ಕಬ್ಬು ಕಡಿದ ಮೈ. ಸೊಂಟ ಕದಲುತ್ತಿರಲಿಲ್ಲ, ತೋಳಷ್ಟೇ ಬೀಸುತ್ತಿತ್ತು.

"ಬತ್ತ ಬಡಿಯೋ ಅಂಗೆ ನಿಂತ್ಕಳ್ಲಾ. ಕಾಲು ಅಗಲ ಮಾಡು, ಮಂಡಿ ಸಡಿಲ ಬುಡು. ಮೊದ್ಲು ಸೊಂಟ ತಿರುಗ್ಲಿ, ಕೈ ಅದ್ರ ಇಂದೇನೇ ಬತ್ತದೆ."

"ನಿಂಗೇನು ಗೊತ್ತವ್ವ ಗಾಲ್ಫು?"

"ಗಾಲ್ಫು ಗೊತ್ತಿಲ್ಲ, ನಿನ್ನ ಸೊಂಟ ಗೊತ್ತು. ತಗೋ, ಬಡಿ" ಎಂದು ಒಂದು ಹೊರೆ ಭತ್ತ ಮುಂದಿಟ್ಟಳು. ಸಂಜೆಯ ಹೊತ್ತಿಗೆ ಅವನಿಗೆ ಮೈ ತಿರುಗಿಸುವುದು ಬಂತು. ಅವ್ವನ ಕೆಲಸವೂ ಮುಗಿಯಿತು.

ಶನಿವಾರ ಮೊದಲ ಚೆಂಡು ಹಳೇ ಚಾಳಿಯಂತೆ ಬಲಕ್ಕೆ ಹೋಯಿತು. ನಿಂಗರಾಜು ಮಂಡಿ ಸಡಿಲಿಸಿ, ಎದುರಿಗೆ ಭತ್ತ ಬಡಿಯುವ ಕಲ್ಲಿದೆ ಎಂದುಕೊಂಡ. ಉಳಿದ ನಾಲ್ಕೂ ನೇರ ಹೋದವು.

ಸೋಮವಾರ ಮೊದಲ ಶಿಷ್ಯರಾಗಿ ಬಂದ ಬ್ಯಾಂಕ್ ಮ್ಯಾನೇಜರಿಗೆ ಅವನು ಕೋಲು ಕೊಡಲಿಲ್ಲ. ಮನೆಯಿಂದ ತಂದಿದ್ದ ಭತ್ತದ ಹುಲ್ಲಿನ ಕಟ್ಟೊಂದನ್ನು ಕೈಗಿತ್ತು, "ಕಾಲು ಅಗಲ ಮಾಡಿ, ಸಾರ್" ಎಂದ.