ನನ್ನ ಬಾಯಿ, ಅವರ ಸಹಿ

ಮೇಲಿನ ಸಾಲಿನಲ್ಲಿ ನನಗೆ ಐದೇ ಹಲ್ಲು ಉಳಿದಿದ್ದವು, ಅವುಗಳಲ್ಲಿ ಮೂರು ಅಲ್ಲಾಡುತ್ತಿದ್ದವು. ಸಕ್ಕರೆ ಕಾಯಿಲೆ ವಸಡನ್ನು ತಿಂದುಹಾಕಿತ್ತು. ಕೆಳಗಿನ ಸಾಲಿನ ಮುಂದಿನ ಎಂಟು ಮಾತ್ರ ಗಟ್ಟಿಯಾಗಿ ನಿಂತಿದ್ದವು. ಕುರ್ಲಾದ ಮುನಿಸಿಪಾಲಿಟಿ ಕನ್ನಡ ಶಾಲೆಯಲ್ಲಿ ಮೂವತ್ತೆರಡು ವರ್ಷ ಕಾಗುಣಿತ ಹೇಳಿಕೊಟ್ಟವಳು ನಾನು. ನಿವೃತ್ತಳಾದ ಮೇಲೆ, ಮಾತಾಡುವಾಗ ಸೆರಗನ್ನು ಬಾಯಿಗೆ ಅಡ್ಡ ಹಿಡಿಯುವ ಅಭ್ಯಾಸ ಗೊತ್ತಿಲ್ಲದಂತೆ ಬಂದುಬಿಟ್ಟಿತ್ತು.

ಬೊರಿವಲಿಯಲ್ಲಿ ನಮ್ಮ ಬಿಲ್ಡಿಂಗಿನಿಂದ ಹತ್ತು ನಿಮಿಷದ ದಾರಿಯಲ್ಲಿ ಹೊಸ ಹಲ್ಲಿನ ಕ್ಲಿನಿಕ್ ಬಂದಿತ್ತು. ಇಡೀ ಸಾಲು ಹಲ್ಲು ಹೋದವರಿಗೆ ದವಡೆಯ ಮೂಳೆಯಲ್ಲಿ ಸ್ಕ್ರೂ ಕೂರಿಸಿ, ಅದರ ಮೇಲೆ ಇಡೀ ಸಾಲು ಕಟ್ಟಿಕೊಡುತ್ತಾರೆ ಎಂದು ನಮ್ಮ ಯಜಮಾನರು ಗಾರ್ಡನ್ನಿನ ವಾಕಿಂಗ್ ಗೆಳೆಯರಿಂದ ಕೇಳಿಕೊಂಡು ಬಂದರು. ವಿಜಯಪುರದವರು ಅವರು; ಒಂದು ಕಂಪನಿಯ ಆಫೀಸಿನಲ್ಲಿ ದುಡಿದು ರಿಟೈರ್ ಆದವರು. ಏನೇ ಹೊಸದು ಕೇಳಿದರೂ ಮರುದಿನವೇ ಆಗಬೇಕು.

ಕ್ಲಿನಿಕ್ಕಿನಲ್ಲಿ ಸ್ಕ್ಯಾನ್ ಮಾಡಿದರು. ಆಮೇಲೆ ಡಾಕ್ಟರು ಕಂಪ್ಯೂಟರಿನ ಪರದೆಯನ್ನು ಯಜಮಾನರ ಕಡೆಗೆ ತಿರುಗಿಸಿದರು. ಪರದೆಯ ಮೇಲಿದ್ದದ್ದು ನನ್ನ ದವಡೆ. ಕುರ್ಚಿಯಲ್ಲಿ ಒರಗಿ ಬಿದ್ದಿದ್ದ ನನಗೆ ಕಂಡದ್ದು ಪರದೆಯ ಬೆನ್ನು. ಮೇಜಿನ ಮೇಲೆ ಎರಡು ಮಾದರಿಗಳಿದ್ದವು. ಒಂದು, ಸ್ಕ್ರೂಗಳಿಗೇ ಬಿಗಿದು ಕೂರಿಸುವ ಫಿಕ್ಸ್ ಸಾಲು. ಡಾಕ್ಟರ್ ಬಿಟ್ಟರೆ ಬೇರೆ ಯಾರೂ ತೆಗೆಯುವಂತಿಲ್ಲ. ಇನ್ನೊಂದು ಗುಂಡಿಯಂತೆ ಚಕ್ಕನೆ ಕೂರುವ, ನಾವೇ ತೆಗೆದು ತೊಳೆದು ಹಾಕಿಕೊಳ್ಳುವ ಸಾಲು. ಡಾಕ್ಟರು ಎರಡನೆಯದನ್ನು ಒಂದೇ ಬೆರಳಿನಿಂದ ಪಕ್ಕಕ್ಕೆ ತಳ್ಳಿ, "ಯೇ ತೋ ಪುರಾನಾ ಸ್ಟೈಲ್ ಹೈ, ಅಂಕಲ್" ಎಂದರು, ಅದು ಹಳೇ ಕಾಲದ್ದು ಎಂಬಂತೆ.

ನಾನು ಎದ್ದು ಕೂತು, ತೆಗೆಯುವಂಥದ್ದು ಹೇಗಿರುತ್ತದೆ, ಫಿಕ್ಸ್ ಮಾಡಿದ್ದರ ಅಡಿಯಲ್ಲಿ ಅನ್ನದ ಅಗುಳು ಸಿಕ್ಕಿದರೆ ಹೇಗೆ ತೊಳೆಯುವುದು ಎಂದು ಹಿಂದಿಯಲ್ಲೇ ಕೇಳಿದೆ. ಡಾಕ್ಟರು ನಕ್ಕು ಯಜಮಾನರಿಗೆ ಹೇಳಿದರು: "ಆಂಟಿ ಕೋ ಬೋಲಿಯೇ, ಟೆನ್ಶನ್ ನ ಲೇ."

ಪ್ರಶ್ನೆ ಕೇಳಿದವಳು ನಾನು. ಉತ್ತರ ಹೋದದ್ದು ನನ್ನ ಗಂಡನಿಗೆ. ಟೆನ್ಶನ್ ತೆಗೆದುಕೊಳ್ಳಬೇಡ ಎಂದು ಅವರು ನನಗೆ ತಲುಪಿಸಬೇಕಂತೆ! ನಾನು ಬಾಯಿ ತೆರೆಯುವುದರೊಳಗೆ ಅಲ್ಲಿನ ಕೋಆರ್ಡಿನೇಟರ್ ಹೆಂಗಸು ಬಂದು, "ಆಂಟಿ, ಬಾಹರ್ ಆರಾಮ್ ಸೇ ಬೈಠಿಯೇ" ಎಂದು ಕೈಹಿಡಿದು ಹೊರಗೆ ಕರೆದೊಯ್ದು ಕೂರಿಸಿದಳು. ಒಂದು ಲೋಟ ಬಿಸಿನೀರು ಕೊಟ್ಟು ಟ್ಯಾಬಿನಲ್ಲಿ ಫಿಲ್ಮ್ ಹಾಕಿದಳು. ಬಿಳಿಕೂದಲಿನ ಗಂಡಹೆಂಡತಿ ಮೆಕ್ಕೆಜೋಳದ ತೆನೆ ಕಚ್ಚಿ ನಗುತ್ತಿದ್ದರು. ನಾನು ಆ ನಗು ನೋಡುತ್ತ ಕೂತಿದ್ದಾಗ ಒಳಗೆ ಎಲ್ಲವೂ ತೀರ್ಮಾನವಾಗಿತ್ತು.

ಯಜಮಾನರು ಫೈಲು ಹಿಡಿದು ಹೊರಬಂದರು. "ಶುಕ್ರವಾರ ಬಾ ಅಂದಾರ. ನಾಷ್ಟಾ ಮಾಡ್ಕೊಂಡ ಬರಬೇಕಂತ" ಎಂದರು. ಫೈಲು ಇಸಿದುಕೊಂಡು ಓದಿದೆ. ಫಾರಂ ಇಂಗ್ಲಿಷಿನಲ್ಲಿತ್ತು. ಮೇಲೆ ಮತ್ತು ಕೆಳಗೆ ಉಳಿದಿರುವ ಎಲ್ಲ ಹಲ್ಲುಗಳನ್ನು ಕಿತ್ತು ಫಿಕ್ಸ್ ಸಾಲು ಕೂರಿಸಲು ಒಪ್ಪಿಗೆ ಇದೆ ಎಂದು ಬರೆದಿತ್ತು. ಕೆಳಗೂ! ಅದರಡಿಯಲ್ಲಿ, ರೋಗಿ ಅಥವಾ ಸಂಬಂಧಿಕರು ಎಂಬಲ್ಲಿ, ನಮ್ಮ ಯಜಮಾನರ ಸಹಿ.

ನಾನು ಸೀದಾ ಒಳಗೆ ಹೋದೆ. ಡಾಕ್ಟರು ಇನ್ನೊಬ್ಬರ ಬಾಯಲ್ಲಿ ಕೈಯಿಟ್ಟಿದ್ದರು. "ನನ್ನ ಕೆಳಗಿನ ಹಲ್ಲುಗಳಿಗೆ ಏನಾಗಿದೆ?" ಎಂದು ಕೇಳಿದೆ. ಅವರು ಮಾಸ್ಕಿನೊಳಗಿಂದಲೇ ಹೇಳಿದ್ದಿಷ್ಟು: ಇಂದು ಗಟ್ಟಿ ಇವೆ, ಐದು ವರ್ಷದ ಮೇಲೆ ಇರುತ್ತವೆ ಎಂದು ಯಾರು ಹೇಳಬೇಕು, ಒಂದೇ ಸಲಕ್ಕೆ ಕೆಲಸ ಮುಗಿಯುತ್ತದೆ, ಮೇಲೆ ಕೆಳಗೆ ಬಣ್ಣವೂ ಮ್ಯಾಚ್ ಆಗುತ್ತದೆ.

ಮ್ಯಾಚ್ ಆಗುತ್ತದೆ! ಸೀರೆಗೆ ರವಿಕೆ ಕೊಂಡ ಹಾಗೆ. "ನಾನು ಶುಕ್ರವಾರ ಬರುವುದಿಲ್ಲ. ಸ್ಕ್ಯಾನ್ ಕೊಡಿ" ಎಂದೆ. ಸ್ಕ್ಯಾನ್ ಪ್ಯಾಕೇಜಿಗೆ ಸೇರಿದ್ದು, ಹಾಗೆಲ್ಲ ಕೊಡಲಾಗುವುದಿಲ್ಲ ಎಂದರು.

ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಶುರುವಾಯಿತು.

"ಯಾರನ್ನ ಕೇಳಿ ಸಹಿ ಮಾಡಿದ್ರಿ?"

"ಡಾಕ್ಟರು ಕಲ್ತವ್ರು. ಅವ್ರಿಗಿಂತ ನಿನಗ ಹೆಚ್ಚ ತಿಳೀತದೇನು?"

"ನನ್ನ ಬಾಯಿ ಅದು. ನನಗ ತಿಳೀದ ಮತ್ತ ಯಾರಿಗೆ ತಿಳೀತದ? ಕೆಳಗಿನ ಎಂಟು ಹಲ್ಲೂ ಕಿತ್ತಸ್ತಿದ್ರಿ ನೀವು!"

ಆ ಸಾಲನ್ನು ಓದಿರಲಿಲ್ಲವೆಂದು ಒಪ್ಪಿಕೊಂಡರು. ದನಿ ತಗ್ಗಿತು. ಅಷ್ಟಕ್ಕೇ ಬಿಟ್ಟಿದ್ದರೆ ನನ್ನ ಸಿಟ್ಟು ಕ್ಲಿನಿಕ್ಕಿನ ಮೇಲಷ್ಟೇ ಉಳಿಯುತ್ತಿತ್ತೋ ಏನೋ. ನಾನು ಬಿಡಲಿಲ್ಲ. ಎರಡು ಬಗೆ ಇಟ್ಟಿದ್ದರಲ್ಲ, ಫಿಕ್ಸ್ ಮಾಡಿಸುವುದೇ ಸರಿ ಎಂದು ಯಾಕೆ ಹೇಳಿದಿರಿ ಎಂದು ಕೇಳಿದೆ. ಅವರು ಕಿಟಕಿಯ ಕಡೆ ನೋಡುತ್ತ ಹೇಳಿದರು.

"ತೆಗದಿಡೋ ಹಲ್ಲು ಬ್ಯಾಡ. ನಮ್ಮವ್ವ ಹಲ್ಲು ತೆಗದು ಗ್ಲಾಸಿನ ನೀರಾಗ ಇಡ್ತಿದ್ಲು. ಆಕೀ ಮಾರಿ ನೋಡಲಿಕ್ಕ ಅಂಜತಿದ್ದೆ ನಾ. ನೀ ಹಂಗ ಕಾಣೂದು ನನಗ ಬ್ಯಾಡ."

ಹಾಗಾದರೆ ಇದು ಅವರ ಕಣ್ಣಿನ ಪ್ರಶ್ನೆ! ನಾನು ಏನು ತಿನ್ನಲಾರೆ, ಎಷ್ಟು ದಿನದಿಂದ ರೊಟ್ಟಿಯನ್ನು ಹಾಲಿನಲ್ಲಿ ಅದ್ದಿ ನುಂಗುತ್ತಿದ್ದೇನೆ, ಅದೆಲ್ಲ ಅವರ ಲೆಕ್ಕದಲ್ಲಿರಲಿಲ್ಲ. ಅವರ ಹರ್ನಿಯಾಕ್ಕೆ ಬೆಳಗ್ಗೆ ಎದ್ದು ಪಟ್ಟಿ ಕಟ್ಟಿದವಳು ನಾನು. ಆಪರೇಷನ್ ಆದಾಗ ಟ್ಯೂಬು, ಚೀಲ ಎಲ್ಲ ನೋಡಿದವಳು. ನನಗೆ ನೋಡಲಾಗುವುದಿಲ್ಲ ಎಂದು ಒಂದು ದಿನವೂ ಅಂದಿರಲಿಲ್ಲ. ಅದನ್ನೆಲ್ಲ ಅಂದುಬಿಟ್ಟೆ. ಪಕ್ಕದ ಮನೆಯವರು ಟಿವಿ ಸದ್ದು ಕಡಿಮೆ ಮಾಡಿದ್ದು ಕೇಳಿಸಿತು. ಕೇಳಿದರೆ ಕೇಳಲಿ ಎಂದು ಇನ್ನೂ ಜೋರಾಗಿ ಅಂದೆ.

ಮರುದಿನ ಒಬ್ಬಳೇ ಕ್ಲಿನಿಕ್ಕಿಗೆ ಹೋಗಿ ಸ್ಕ್ಯಾನ್ ಬೇಕೆಂದು ಕೂತೆ. ಡಾಕ್ಟರ್ ಇಲ್ಲ, ಆಮೇಲೆ ಬನ್ನಿ ಎಂದರು. ಕೂತೇ ಇದ್ದೆ. ಕಾಯುತ್ತಿದ್ದವರಿಗೆಲ್ಲ ನಾನು ಯಾಕೆ ಕೂತಿದ್ದೇನೆಂದು ಹೇಳತೊಡಗಿದೆ. ಎರಡು ಗಂಟೆಯ ನಂತರ ಆ ಕೋಆರ್ಡಿನೇಟರ್ ಹೆಂಗಸು ಒಂದು ಲಕೋಟೆ ತಂದುಕೊಟ್ಟಳು.

"ಆಂಟಿ, ನನ್ನ ಮಮ್ಮಿ ಮಂಗಳೂರಿನವ್ರು. ನನಗೆ ಕನ್ನಡ ಸಮಝ್ ಆಗ್ತದೆ, ಬೋಲ್ಲಿಕ್ಕೆ ಸರಿ ಬರೋದಿಲ್ಲ. ಇದು ನಿಮ್ದೇ. ತಗೊಳ್ಳಿ."

"ನನ್ನ ಹೊರಗ ಕೂಡ್ಸಿ ಫಿಲ್ಮ್ ತೋರ್ಸೂದು ನಿಮ್ಮ ಕೆಲಸ ಏನು? ನಾಚಿಕಿ ಆಗೂದಿಲ್ಲ?" ಎಂದೆ.

ಅವಳು ತಲೆತಗ್ಗಿಸಿದಳು. ಅಲ್ಲಿ ನನಗಾಗಿ ಏನಾದರೂ ಮಾಡಿದವಳು ಅವಳೊಬ್ಬಳೇ. ಅವಳಿಗೇ ಅಂದೆ. ಮೆಟ್ಟಿಲಿಳಿಯುವಾಗ ತಿರುಗಿ ಹೋಗಿ ಏನಾದರೂ ಒಳ್ಳೆಯ ಮಾತು ಹೇಳಬೇಕೆನ್ನಿಸಿತು. ಹೋಗಲಿಲ್ಲ.

ಮಾಟುಂಗದ ಇನ್ನೊಬ್ಬ ಹಲ್ಲಿನ ಡಾಕ್ಟರ ಬಗ್ಗೆ ಹೇಳಿದ್ದು ನನ್ನ ಹಳೆಯ ಸಹೋದ್ಯೋಗಿ ಟೀಚರ್. ಲೋಕಲ್ ರೈಲು ಹಿಡಿದು, ದಾದರಿನಲ್ಲಿ ಬದಲಿಸಿ ಹೋದೆ. ಹಳೆಯ ಬಿಲ್ಡಿಂಗಿನ ನೆಲಮಹಡಿಯ ಕೋಣೆ, ಒಂದೇ ಕುರ್ಚಿ. ಡಾಕ್ಟರು ಉಡುಪಿ ಕಡೆಯ ಹೆಂಗಸು, ವಯಸ್ಸಿನಲ್ಲಿ ನನಗಿಂತ ಎರಡು ವರ್ಷ ದೊಡ್ಡವರಿರಬಹುದು. ಸ್ಕ್ಯಾನ್ ನೋಡಿದರು, ಬಾಯಿ ನೋಡಿದರು, ಕೆಳಗಿನ ಹಲ್ಲುಗಳನ್ನು ಒಂದೊಂದಾಗಿ ಅಲ್ಲಾಡಿಸಿ ನೋಡಿದರು.

"ಇದನ್ನು ಕೀಳ್ಲಿಕ್ಕೆ ಎಂತ ಆಗಿದೆ ಇದಕ್ಕೆ? ಮೇಲಿನದ್ದು ಹೋಗ್ಬೇಕು, ಅದು ಸರಿ. ಕೆಳಗಿನದ್ದು ಅಲ್ಲೇ ಇರ್ಲಿ."

ನನಗೆ ಅಳು ಬಂತು. ಸಿಟ್ಟಿನ ಅಳು. ಎಲ್ಲವನ್ನೂ ಹೇಳಿದೆ, ಗಂಡನ ಮಾತನ್ನೂ ಸೇರಿಸಿ. ಕೊನೆಗೆ, "ನನಗ ತೆಗೆಯೋ ಹಲ್ಲೇ ಹಾಕ್ರಿ. ಅವ್ರ ಎದುರಿಗೇ ತೆಗದು ಇಡ್ತೀನಿ" ಎಂದೆ.

ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಯಜಮಾನ್ರ ಮೇಲಿನ ಸಿಟ್ಟಿಗೆ ಹಲ್ಲು ಕಟ್ಟಿಸ್ಲಿಕ್ಕೆ ಆಗ್ತದಾ ಟೀಚರೇ? ಹತ್ತಿಪ್ಪತ್ತು ವರ್ಷ ಜಗಿಯೋದು ನೀವು. ಮೊದ್ಲು ಕೇಳಿ."

ಆಮೇಲೆ ಮಾದರಿಗಳನ್ನು ನನ್ನ ಮಡಿಲಲ್ಲಿಟ್ಟರು. ಫಿಕ್ಸ್ ಸಾಲು ಸ್ವಂತ ಹಲ್ಲಿನಂತೆಯೇ ಇರುತ್ತದೆ, ಅಲುಗುವುದಿಲ್ಲ. ಅದರಲ್ಲೂ ಲೋಹದ ಪಟ್ಟಿಯ ಮೇಲೆ ಅಕ್ರಿಲಿಕ್ ಎಂಬ ಪ್ಲಾಸ್ಟಿಕ್ಕಿನ ಹಲ್ಲು ಕೂರಿಸಿದ್ದು ಸವೆಯುತ್ತದೆ, ಚೂರು ಹಾರಿದರೆ ರಿಪೇರಿ ಆಗುತ್ತದೆ. ಪಿಂಗಾಣಿಯಂಥ ಜಿರ್ಕೋನಿಯಾದ್ದು ಬಹಳ ಗಟ್ಟಿ, ಆದರೆ ಒಡೆದರೆ ಸಾಮಾನ್ಯವಾಗಿ ಹೊಸದೇ ಮಾಡಿಸಬೇಕು. ಎರಡರಲ್ಲಿ ಯಾವುದೇ ಆದರೂ, ದಿನಾ ಅದರ ಅಡಿಯಿಂದ ದಾರ, ಸಣ್ಣ ಬ್ರಶ್ ಹಾಯಿಸಿ ತೊಳೆಯಲೇಬೇಕು. ಸಕ್ಕರೆ ಕಾಯಿಲೆಯವರು ತೊಳೆಯುವುದನ್ನು ಬಿಟ್ಟರೆ ಸ್ಕ್ರೂ ಸುತ್ತ ವಸಡು ಕೊಳೆಯುತ್ತದೆ. ತೆಗೆಯುವ ಸಾಲು ತೊಳೆಯಲು ಸುಲಭ, ಆದರೆ ಜಗಿಯುವಾಗ ಸ್ವಲ್ಪ ಅಲುಗುತ್ತದೆ, ಒಳಗಿನ ರಬ್ಬರಿನಂಥ ಮುಚ್ಚಳ ಸವೆದಾಗಲೆಲ್ಲ ಬಂದು ಬದಲಿಸಬೇಕು. ನಾಲ್ಕು ಸ್ಕ್ರೂ ಚೆನ್ನಾಗಿ ಹಿಡಿದರೆ ಅಂಗುಳು ಮುಚ್ಚುವ ಅಗತ್ಯವಿಲ್ಲ, ಚಹಾದ ರುಚಿ ಹೋಗುವುದಿಲ್ಲ.

"ಈಗ ನಿಮ್ಮ ಕೈ ನೋಡುವ" ಎಂದು ಫಿಕ್ಸ್ ಮಾದರಿಯ ಅಡಿ ದಾರ ಹಾಯಿಸಲು ಹೇಳಿದರು.

ನನ್ನ ಬಲ ಹೆಬ್ಬೆರಳಿನ ಬುಡದಲ್ಲಿ ಸಂಧಿವಾತ. ನಾಲ್ಕು ಸಲ ಪ್ರಯತ್ನಿಸಿದೆ. ದಾರ ಬೆರಳಿನಿಂದ ಜಾರಿ ಜಾರಿ ಬಿತ್ತು. ಕಣ್ಣೆದುರು ಮಡಿಲಲ್ಲಿದ್ದದ್ದಕ್ಕೇ ಆಗದಿದ್ದರೆ ಬಾಯೊಳಗೆ ಹೇಗೆ ಆದೀತು? ಎರಡನೆಯ ಮಾದರಿಯನ್ನು ಎರಡೂ ಹೆಬ್ಬೆರಳು ಆನಿಸಿ ಎಳೆದೆ. ಎರಡನೇ ಸಲಕ್ಕೆ ಟಕ್ ಎಂದು ಬಿಟ್ಟುಕೊಂಡಿತು.

ಒಂದು ಮಾತು ಇಲ್ಲಿ ಒಪ್ಪಿಕೊಳ್ಳಬೇಕು. ನನ್ನೊಳಗೆ ಬೇಕಾಗಿದ್ದದ್ದು ಫಿಕ್ಸ್ ಹಲ್ಲೇ. ಯಾವ ಹೆಂಗಸಿಗೆ ತಾನೇ ತೆಗೆದಿಡುವ ಹಲ್ಲು ಬೇಕು? ಬೊರಿವಲಿಯವರು ನನ್ನನ್ನು ಕೂರಿಸಿ ಎರಡು ಮಾತು ಕೇಳಿದ್ದರೆ ಮೇಲಿನ ಸಾಲಿಗೆ ಬಹುಶಃ ಅದನ್ನೇ ಒಪ್ಪಿ, ಶುಕ್ರವಾರ ನಾಷ್ಟಾ ಮಾಡಿಕೊಂಡು ಹೋಗುತ್ತಿದ್ದೆ. ಈಗ ನನ್ನ ಬೆರಳುಗಳೇ ಬೇಡ ಎನ್ನುತ್ತಿದ್ದವು. ಆ ಹೆಬ್ಬೆರಳಿನ ಮೇಲೂ ನನಗೆ ಸಿಟ್ಟು ಬಂತು. ಒಂದು ವಾರ ಮಾದರಿಗಳನ್ನು ಮನೆಗೆ ಒಯ್ದು ದಿನಾ ಬೆಳಗ್ಗೆ ದಾರ ಹಾಯಿಸಿ ನೋಡಿದೆ. ಯಜಮಾನರು ಪೇಪರಿನ ಮರೆಯಿಂದ ನೋಡುತ್ತಿದ್ದರು. ಏಳನೇ ದಿನವೂ ದಾರ ಜಾರಿತು. ಮಾಟುಂಗಕ್ಕೆ ಫೋನ್ ಮಾಡಿ, ತೆಗೆಯುವಂಥದ್ದೇ ಆಗಲಿ ಎಂದೆ.

"ಈಗ ಹೇಳಿದ್ದು ಸರಿ" ಎಂದರು ಡಾಕ್ಟರು.

ಸಹಿ ಹಾಕುವ ದಿನ ಯಜಮಾನರೂ ಬಂದರು. ಬಂದವರು ಹೊರಗೇ ನಿಂತುಬಿಟ್ಟಿದ್ದರು. ಡಾಕ್ಟರು ಒಳಗೆ ಕರೆದು ಸ್ಟೂಲಿನ ಮೇಲೆ ಕೂರಿಸಿದರು. "ನೀವೂ ಎಲ್ಲ ಕೇಳಿಸಿಕೊಳ್ಳಿ. ಆದ್ರೆ ಸಹಿ ಮಾತ್ರ ಇವ್ರದ್ದು." ನಾನು ಹಾಜರಿ ಪುಸ್ತಕದಲ್ಲಿ ಹಾಕುತ್ತಿದ್ದ ಹಾಗೆ, ಕನ್ನಡದಲ್ಲಿ, ಪೂರ್ತಿ ಹೆಸರು ಬರೆದೆ.

ಸಕ್ಕರೆ ಹತೋಟಿಗೆ ಬರಲು ಎರಡು ತಿಂಗಳು ಹಿಡಿಯಿತು. ಐದು ಹಲ್ಲು ಹೋದವು, ನಾಲ್ಕು ಸ್ಕ್ರೂ ಬಂದವು. ಮೂಳೆ ಹಿಡಿಯುವ ತನಕ ಅರ್ಧ ವರ್ಷ ತಾತ್ಕಾಲಿಕ ಪ್ಲೇಟು ಹಾಕಿಕೊಂಡು ಗಂಜಿ, ಇಡ್ಲಿ, ಮೆತ್ತಗಿನ ಅನ್ನ. ಆ ತಿಂಗಳುಗಳಲ್ಲೆಲ್ಲ ಬೊರಿವಲಿ ಕ್ಲಿನಿಕ್ಕಿನ ಮೆಸೇಜು ಬರುತ್ತಲೇ ಇತ್ತು, ಯಜಮಾನರ ಫೋನಿಗೆ. ಅಲ್ಲಿ ಬರೆದುಕೊಂಡದ್ದೂ ಅವರ ನಂಬರನ್ನೇ.

ಹೊಸ ಸಾಲು ಬಾಯಿಗೆ ಬಂದ ದಿನ ಊಟ ಮುಗಿಸಿ, ಬೇಸಿನ್ನಿನ ಮುಂದೆ ನಿಂತು ಅದನ್ನು ತೆಗೆದೆ. ಯಜಮಾನರು ಮೆಲ್ಲಗೆ ಎದ್ದು ಗ್ಯಾಲರಿಗೆ ಹೋದರು. ಅವರ ಬೆನ್ನು ಕಂಡೊಡನೆ ಇಷ್ಟು ತಿಂಗಳ ಸಿಟ್ಟು ಮತ್ತೆ ನೆತ್ತಿಗೇರಿತು.

"ಇಲ್ಲಿ ಬರ್ರಿ" ಎಂದೆ. ಹಲ್ಲಿಲ್ಲದ ಮಾತು ಗಾಳಿ ಗಾಳಿಯಾಗಿ ಹೊರಟಿತು. "ಬರ್ರಿ ಇಲ್ಲಿ. ನೋಡ್ರಿ."

ಬಂದರು. ನಾನು ಸೆರಗು ಅಡ್ಡ ಹಿಡಿಯಲಿಲ್ಲ. ಒಳಸರಿದ ಮೇಲ್ದುಟಿಯನ್ನು, ವಸಡಿನಿಂದ ಇಣುಕುವ ನಾಲ್ಕು ಲೋಹದ ಗುಂಡಿಗಳನ್ನು ಅವರು ನೋಡುವವರೆಗೆ ಬಿಡಲಿಲ್ಲ. ಬಹಳ ಹೊತ್ತು ನೋಡಿದರು.

"ಅವ್ವನಂಗ ಕಾಣ್ತಿ ಅಂತ ತಿಳ್ಕೊಂಡಿದ್ದೆ" ಎಂದರು. "ಇಲ್ಲ."

"ಮತ್ತ ಹೆಂಗ ಕಾಣ್ತೀನಿ?"

"ಹಾಜರಿ ಹಾಕೂಮುಂದ ಸಿಟ್ಟಿಗೆದ್ದ ಟೀಚರ್ ಇರ್ತಾಳಲ್ಲ, ಹಂಗ."

ನನಗೆ ನಗು ಬಂತು. ಹಲ್ಲು ತೊಳೆಯುವ ನೆಪದಲ್ಲಿ ನಲ್ಲಿಯನ್ನು ಪೂರ್ತಿ ತಿರುಗಿಸಿ ಮುಖ ಬೇಸಿನ್ನಿಗೆ ಬಗ್ಗಿಸಿದೆ. ಅಷ್ಟು ಸುಲಭವಾಗಿ ಅವರೆದುರು ನಗುವ ಮನಸ್ಸು ನನಗಿರಲಿಲ್ಲ.